ವರ್ಗಗಳ ವ್ಯತ್ಯಾಸ

ಅ² − ಬ² = (ಅ + ಬ)(ಅ − ಬ) ಎಂಬ ಸೂತ್ರವು ವಿದ್ಯಾರ್ಥಿಗಳಿಗೆ ಬಲು ಬೇಗ ಕಂಠಸ್ಥವಾಗುತ್ತದೆ. ಬಹುಶಃ ಆ ಕಾರಣದಿಂದಲೇ ಅದರ ಬೆಲೆ ಅವರ ಗಮನಕ್ಕೆ ಬರುವುದಿಲ್ಲ. ವ್ಯವಕಲನವೊಂದು ಇಲ್ಲಿ ಗುಣಾಕಾರವಾಗಿ ಮಾರ್ಪಡುತ್ತದೆ. ಅ² + ಬ² ಎಂಬುದಕ್ಕೆ ಪ್ರೌಢಶಾಲೆಯ ಗಣಿತದಲ್ಲಿ ಈ ಭಾಗ್ಯವಿಲ್ಲ.

ಸೂತ್ರದ ಸತ್ಯವನ್ನು ಒಂದು ಕಾಗದ, ಒಂದು ಕತ್ತರಿಯಿಂದಲೇ ಕಾಣಬಹುದು. 10 ಅಂಗುಲ ಬಾಹುವಿನ ಚೌಕದ ಒಂದು ಮೂಲೆಯಿಂದ 3 ಅಂಗುಲದ ಚೌಕವನ್ನು ಕತ್ತರಿಸಿ ತೆಗೆದರೆ, 91 ಚದರ ಅಂಗುಲಗಳ ಒಂದು ಮೊಂಡು ಆಕೃತಿ ಉಳಿಯುತ್ತದೆ. ಅದನ್ನು 10 × 7 ಮತ್ತು 7 × 3 ಅಳತೆಯ ಎರಡು ತುಂಡುಗಳಾಗಿ ಕತ್ತರಿಸಿ, 7 ಅಂಗುಲದ ಅಂಚುಗಳನ್ನು ಸೇರಿಸಿದರೆ, 13 × 7 ಅಳತೆಯ ಆಯತವು ದೊರೆಯುತ್ತದೆ.

ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನೇ ತಿರುಗಿಸಿ ವರ್ಗವನ್ನು ಕಾಣುವ ಉಪಾಯವೊಂದನ್ನು ಹೇಳಿದ್ದಾನೆ. ಸಂಖ್ಯೆಗೆ ಇಷ್ಟಬಂದ ಅಂಕಿಯೊಂದನ್ನು ಕೂಡಿಸಿ, ಅದನ್ನೇ ಕಳೆದು, ಬಂದವೆರಡನ್ನೂ ಗುಣಿಸಿ, ಆ ಅಂಕಿಯ ವರ್ಗವನ್ನು ಸೇರಿಸಬೇಕು. 97ರ ವರ್ಗಕ್ಕೆ 3ನ್ನು ಆರಿಸಿಕೊಂಡರೆ 100 × 94 + 9, ಅಂದರೆ 9409. ಕಾಗದ ಲೇಖನಿಗಳ ಅಗತ್ಯವೇ ಇಲ್ಲ.

ಆದರೆ ಸೂತ್ರದ ನಿಜವಾದ ಶಕ್ತಿಯನ್ನು ಕಂಡವನು ಫ್ರಾನ್ಸಿನ ಫರ್ಮಾ. ವೃತ್ತಿಯಿಂದ ಅವನು ನ್ಯಾಯಾಧೀಶ; ಗಣಿತ ಅವನ ಬಿಡುವಿನ ಹವ್ಯಾಸ. ಒಂದು ದೊಡ್ಡ ಬೆಸಸಂಖ್ಯೆಯ ಅಪವರ್ತನಗಳು ಬೇಕಾದರೆ, ಅದಕ್ಕಿಂತ ದೊಡ್ಡದಾದ ವರ್ಗಗಳನ್ನು ಒಂದೊಂದಾಗಿ ತೆಗೆದುಕೊಂಡು, ಸಂಖ್ಯೆಯನ್ನು ಅವುಗಳಿಂದ ಕಳೆಯುತ್ತ ಹೋಗಬೇಕು. ಶೇಷವು ಪೂರ್ಣವರ್ಗವಾದೊಡನೆ ಕೆಲಸ ಮುಗಿಯಿತು. 91ಕ್ಕೆ ಮುಂದಿನ ವರ್ಗ 100, ಶೇಷ 9; ಆದುದರಿಂದ 91 = 13 × 7. 1643ರ ಸುಮಾರಿಗೆ ಬರೆದ ಪತ್ರವೊಂದರಲ್ಲಿ ಫರ್ಮಾ 2,02,76,51,281 ಎಂಬ ಸಂಖ್ಯೆಯನ್ನು ಹೀಗೆ ಒಡೆದು ತೋರಿಸಿದನು. ಅದರ ವರ್ಗಮೂಲ 45,029ಕ್ಕಿಂತ ತುಸು ಹೆಚ್ಚು. 45,030ರಿಂದ ಆರಂಭಿಸಿದರೆ ಹನ್ನೆರಡನೆಯ ಪ್ರಯತ್ನದಲ್ಲಿ, 45,041ರ ವರ್ಗದಲ್ಲಿ, ಶೇಷವು 10,40,400 ಆಗುತ್ತದೆ. ಅದು 1,020ರ ವರ್ಗ. ಅಪವರ್ತನಗಳು 46,061 ಮತ್ತು 44,021. ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗಿದ್ದರೆ ನಾಲ್ಕು ಸಾವಿರಕ್ಕೂ ಹೆಚ್ಚು ಭಾಗಾಕಾರಗಳು ಬೇಕಾಗುತ್ತಿದ್ದವು.

ಇಷ್ಟು ಶೀಘ್ರವಾಗಿ ಫಲ ದೊರೆತುದು ಅಪವರ್ತನಗಳೆರಡೂ ಹತ್ತಿರ ಹತ್ತಿರವಿದ್ದುದರಿಂದ. ಅವು ದೂರವಿದ್ದರೆ ಈ ಉಪಾಯವೂ ಬಳಲುತ್ತದೆ. ಗಣಕಯಂತ್ರಗಳ ಮೂಲಕ ರಹಸ್ಯ ಸಂದೇಶಗಳನ್ನು ಕಳುಹಿಸುವವರಿಗೆ ಇದು ಅಲಕ್ಷಿಸುವಂಥ ವಿಷಯವಲ್ಲ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಎಂಬ ಮೂವರು ರೂಪಿಸಿದ ವಿಧಾನದಲ್ಲಿ ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಬಹಿರಂಗಪಡಿಸಿ, ಆ ಸಂಖ್ಯೆಗಳನ್ನು ಮಾತ್ರ ಗುಟ್ಟಾಗಿಡುತ್ತಾರೆ. ಅವು ತೀರ ಸಮೀಪವಿದ್ದರೆ ಗುಟ್ಟು ನಿಲ್ಲದು. ಕೆಲವು ಮುದ್ರಣ ಯಂತ್ರಗಳು ತಯಾರಿಸಿದ ಕೀಲಿಗಳಲ್ಲಿ ಇದೇ ದೋಷವಿರುವುದು 2022ರಲ್ಲಿ ಬೆಳಕಿಗೆ ಬಂದಿತು. ಅವುಗಳನ್ನು ಒಡೆಯಲು ಫರ್ಮಾನ ಹಳೆಯ ಉಪಾಯವೇ ಸಾಕಾಯಿತು.