ಬೆಸುಗೆ ಕೆಲಸಕ್ಕೆ ತಕ್ಕ ಉಡುಪು

ಮುರಿದ ನೇಗಿಲು, ಕುಂಟೆ, ಟ್ರಾಕ್ಟರಿನ ಉಪಕರಣ ಮುಂತಾದುವನ್ನು ವಿದ್ಯುಚ್ಛಕ್ತಿಯಿಂದ ಬೆಸೆಯುವ ಕೆಲಸವು ಈಗ ಹಳ್ಳಿಗಳಲ್ಲಿಯೂ ನಡೆಯುತ್ತಿದೆ. ಯಂತ್ರವನ್ನು ಕೊಳ್ಳುವಾಗ ಅದರ ಬೆಲೆಯನ್ನೂ ಬಲವನ್ನೂ ವಿಚಾರಿಸುವ ರೈತರು, ಅದರ ಮುಂದೆ ಕುಳಿತುಕೊಳ್ಳುವಾಗ ತಾವು ತೊಟ್ಟಿರುವ ಬಟ್ಟೆಯು ಎಂತಹದೆಂದು ವಿಚಾರಿಸುವುದು ಅಪರೂಪ. ಸುಟ್ಟಗಾಯಕ್ಕೆ ಕಿಡಿಯಂತೆ ಬಟ್ಟೆಯೂ ಕಾರಣವಾಗುವುದುಂಟು.

ಕಬ್ಬಿಣವು ಸುಮಾರು 1,538 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುತ್ತದೆ. ಬೆಸುಗೆಯಲ್ಲಿ ಸಿಡಿಯುವ ಹನಿಗಳು ಹೀಗೆ ಕರಗಿದ ಲೋಹವೇ ಆಗಿರುತ್ತವೆ. ಪಾಲಿಯೆಸ್ಟರ್ ನೂಲಾದರೋ ಸುಮಾರು 260 ಡಿಗ್ರಿಯಲ್ಲಿಯೇ ಕರಗಿ, ಚರ್ಮಕ್ಕೆ ಅಂಟಿಕೊಂಡು, ಗಾಯವನ್ನು ಆಳವಾಗಿಸುತ್ತದೆ. ನೈಲಾನಿನ ಗುಣವೂ ಇಂತಹದೇ. ಹತ್ತಿಯು ಕರಗದೆ ಕರಕಾಗುತ್ತದೆ. ಆದರೆ ತೆಳುವಾದ ಹತ್ತಿ ಬಟ್ಟೆಯು ಬೇಗ ಹೊತ್ತಿಕೊಳ್ಳುವುದರಿಂದ, ಒತ್ತಾಗಿ ನೇಯ್ದ ದಪ್ಪ ಬಟ್ಟೆಯನ್ನೇ ಆರಿಸತಕ್ಕದ್ದು. ಉಣ್ಣೆಯು ಸುಲಭವಾಗಿ ಉರಿಯದು.

ನೋಟಕ್ಕೆ ಹತ್ತಿಯಂತಿರುವ ಎಷ್ಟೋ ಬಟ್ಟೆಗಳಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಟ್ಟೆಯ ಅಂಚಿನಿಂದ ಹಾಸಿನ ಹಾಗೂ ಹೊಕ್ಕಿನ ಕೆಲವು ಎಳೆಗಳನ್ನು ತೆಗೆದು, ಇಕ್ಕಳದಲ್ಲಿ ಹಿಡಿದು, ಬಯಲಿನಲ್ಲಿ ಸುಡಬೇಕು. ಕಾಗದ ಸುಟ್ಟ ವಾಸನೆ ಬಂದು ಮೃದುವಾದ ಬೂದಿ ಉಳಿದರೆ ಅದು ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಎಳೆಯು ಮುದುಡಿ ಕರಗಿ, ಆರಿದ ಮೇಲೆ ಗಟ್ಟಿಯಾದ ಮಣಿಯಾದರೆ, ಆ ಬಟ್ಟೆಯು ಈ ಕೆಲಸಕ್ಕೆ ಸಲ್ಲದು.

ಬೆಸುಗೆಯ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿದ್ದು, ಅವು ಬರಿಯ ಮೈಯನ್ನು ಬಿಸಿಲಿಗಿಂತಲೂ ಬೇಗ ಕಂದಿಸುತ್ತವೆ. ಆದಕಾರಣ ಅಂಗಿಯ ತೋಳು ಮಣಿಕಟ್ಟಿನವರೆಗೂ ಇರತಕ್ಕದ್ದು. ಕೊರಳಿನ ಗುಂಡಿಯನ್ನು ಹಾಕಿರಬೇಕು. ಷರಾಯಿಯ ಅಂಚನ್ನು ಮಡಿಸಕೂಡದು, ಮಡಿಕೆಯಲ್ಲಿ ಕಿಡಿ ನಿಲ್ಲುವುದು. ಅದು ಚರ್ಮದ ಬೂಟುಗಳ ಮೇಲೆ ಇಳಿಬಿದ್ದಿರಲಿ. ಜೋಲುವ ಪಂಚೆ, ಸೆರಗು, ಹೆಗಲ ಮೇಲಿನ ಟವಲು ಅಪಾಯಕರ. ಎಣ್ಣೆ, ಗ್ರೀಸು ಹತ್ತಿದ ಬಟ್ಟೆಯನ್ನು ತೊಡಬಾರದು. ಜೇಬಿನಲ್ಲಿ ಬೆಂಕಿಪೊಟ್ಟಣವಾಗಲಿ ಲೈಟರಾಗಲಿ ಇರಕೂಡದು. ಕೈಗೆ ಒಣಗಿದ ಚರ್ಮದ ಗವಸು ಬೇಕು. ನೀರಿನಿಂದಲೋ ಬೆವರಿನಿಂದಲೋ ನೆನೆದ ಗವಸಿನ ಮೂಲಕ ವಿದ್ಯುತ್ತು ಹರಿಯುವುದು. ಬೆಸುಗೆಗೆಂದೇ ಮಾಡಿದ ಕಪ್ಪು ಗಾಜಿನ ಮುಖವಾಡಕ್ಕೆ ಬಿಸಿಲುಕನ್ನಡಕವು ಬದಲಾಗದು. ಸಾಮಾನನ್ನು ಹಿಡಿದು ನಿಲ್ಲುವ ಸಹಾಯಕನಿಗೂ ಈ ನಿಯಮಗಳೆಲ್ಲ ಅನ್ವಯಿಸುತ್ತವೆ.

ಎಚ್ಚರಿಕೆಯ ಮೇಲೆಯೂ ಮೈ ಸುಟ್ಟಲ್ಲಿ, ಗಾಯದ ಮೇಲೆ 20 ನಿಮಿಷಗಳ ಕಾಲ ತಣ್ಣೀರನ್ನು ಹರಿಯಬಿಡಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳದೆ, ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.

ಇದಕ್ಕಾಗಿ ಹೆಚ್ಚು ಹಣವನ್ನು ವೆಚ್ಚಮಾಡಬೇಕಾದುದಿಲ್ಲ. ಹರಿಯದ, ಶುಚಿಯಾದ, ದಪ್ಪ ಹತ್ತಿಯ ಹಳೆಯ ಉಡುಪೊಂದನ್ನು ಈ ಕೆಲಸಕ್ಕೆಂದೇ ತೆಗೆದಿರಿಸಿದರೆ, ಅದು ಹೊಸ ಬೆರಕೆ ಬಟ್ಟೆಗಿಂತ ಎಷ್ಟೋ ಮೇಲು.