ಬಾಣಂತಿ ಕೋಣೆಗೆ ಸ್ಟೌವ್ ಇಟ್ಟ ರಾತ್ರಿ

ಈ ಸಲ ಬೆಳೆ ವಿಚಾರ ಬಿಟ್ಟು ಮನೆಯೊಳಗಿನ ವಿಚಾರ ಬರೆಯುತ್ತಿದ್ದೇನೆ. ಚಳಿ ಶುರುವಾಯಿತು ಅಂದರೆ ನಮ್ಮ ಚಳ್ಳಕೆರೆ ಕಡೆ ಅಟ್ಟದ ಮೇಲಿನ ಬತ್ತಿ ಸ್ಟೌವ್ ಕೆಳಗಿಳಿಯುತ್ತದೆ. ಈಗ ಬಹಳ ಮನೆಗಳಿಗೆ ಗ್ಯಾಸ್ ಬಂದಿದೆ, ನ್ಯಾಯಬೆಲೆ ಅಂಗಡಿಯ ನೀಲಿ ಸೀಮೆಎಣ್ಣೆ ಮೊದಲಿನ ಹಾಗೆ ಸಿಗುವುದಿಲ್ಲ. ಆದರೂ ಸಿಲಿಂಡರ್ ಮುಗಿದಾಗ, ಕೋಣೆ ಬೆಚ್ಚಗೆ ಮಾಡಬೇಕಾದಾಗ ಹಳೇ ಸ್ಟೌವ್ ಹುಡುಕುವವರು ಇದ್ದೇ ಇದ್ದಾರೆ. ನಾನೂ ಹಾಗೆ ಹುಡುಕಿದವನೇ.

2013ರ ಡಿಸೆಂಬರ್. ದೊಡ್ಡ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಂಡು ಮಗು, ಹನ್ನೊಂದು ದಿನದ್ದು. ನಮ್ಮಲ್ಲಿ ಬಾಣಂತಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವುದು ಮೊದಲಿಂದ ಬಂದದ್ದು. ಕೆಂಡದ ಬೂದಿ ಹಾರುತ್ತದೆ, ಕಿಡಿ ಸಿಡಿದರೆ ಕೌದಿ ಸುಡುತ್ತದೆ ಅಂತ ನಾನೇ ಬುದ್ಧಿವಂತಿಕೆ ಮಾಡಿ ಹತ್ತು ಬತ್ತಿಯ ಸ್ಟೌವ್ ಇಳಿಸಿದೆ. ಹೊಗೆ ಇಲ್ಲ, ವಾಸನೆ ಕಡಿಮೆ, ಬೇಕಾದಷ್ಟು ಉರಿ ಏರಿಸಬಹುದು, ಇಳಿಸಬಹುದು ಅನ್ನುವುದು ನನ್ನ ಲೆಕ್ಕ. ಗಾಳಿ ಬರಬಾರದು ಅಂತ ಕಿಟಕಿ ಸಂದಿಗೆ ಗೋಣಿಚೀಲ ತುರುಕಿದೆ. ಬಾಗಿಲ ಕೆಳಗೆ ಹಳೇ ಪಂಚೆ ಇಡಲು ಹೇಳಿದೆ. ಮಗಳು, ಮಗು, ನನ್ನ ಹೆಂಡತಿ ಒಳಗೆ ಮಲಗಿದರು. ನಾನು ಶೇಂಗಾ ಬಣವೆ ಕಾಯೋಕೆ ಕಣಕ್ಕೆ ಹೋದೆ.

ನಸುಕಿನಲ್ಲಿ ವಾಪಸು ಬಂದು ಬಾಗಿಲು ಬಡಿದರೆ ಒಳಗಿಂದ ಹೆಂಡತಿ ಏನೋ ತೊದಲಿದಳು. ಚಿಲಕ ತೆಗೆದವಳು ಹೊಸ್ತಿಲ ಮೇಲೇ ಕುಸಿದಳು. "ತಲೆ ಸಿಡೀತೈತೆ" ಅಂದಳು. ಮಗಳು ವಾಂತಿ ಮಾಡಿಕೊಂಡಿದ್ದಳು. ಮಗು ಅಳಲಿಲ್ಲ. ಕೈ ಎತ್ತಿದರೆ ಕೈ ಹಾಗೇ ಬೀಳುತ್ತಿತ್ತು. ಸ್ಟೌವ್ ಮಾತ್ರ ಉರಿಯುತ್ತಲೇ ಇತ್ತು, ಉರಿ ನೀಲಿ ಇರಲಿಲ್ಲ, ಹಳದಿ ಆಗಿತ್ತು.

ನಮ್ಮವ್ವ "ಗಾಳಿ ಸೋಕೈತೆ, ಬಾಗಿಲು ಹಾಕ್ರೋ" ಅಂತ ಕೂಗಿದಳು. ನಾನು ಬಾಗಿಲು ಹಾಕೋಕೇ ಹೋಗಿದ್ದೆ. ಅಷ್ಟರಲ್ಲಿ ಪಕ್ಕದ ಮನೆ ಆಶಾ ಕಾರ್ಯಕರ್ತೆ ಓಡಿ ಬಂದು, "ಅಣ್ಣಾ, ಮೊದಲು ಎಲ್ಲರನ್ನೂ ಹೊರಗೆ ಎತ್ಕಂಡು ಬಾ" ಅಂತ ಗದರಿದಳು. ಆ ಚಳಿಯಲ್ಲಿ ಹಸುಗೂಸನ್ನು ಅಂಗಳಕ್ಕೆ ತರುವುದೇ ಅಂತ ಅವ್ವ ಎದೆ ಬಡಿದುಕೊಂಡಳು. ಆಕೆ ಮಗುವನ್ನು ತನ್ನ ಎದೆಗೆ ಒತ್ತಿ ಹಿಡಿದು ಸೆರಗು, ಕಂಬಳಿ ಸುತ್ತಿಕೊಂಡು ಬಯಲಲ್ಲೇ ನಿಂತಳು, ಮಗುವಿನ ಮುಖ ಮಾತ್ರ ಬಿಟ್ಟಿದ್ದಳು. 108ಕ್ಕೆ ಫೋನು ಮಾಡಿದ್ದೂ ಆಕೆಯೇ. ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮಗು ಅತ್ತಿತು. ಆಮೇಲೆ ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತುಬಿಟ್ಟೆ.

ಡಾಕ್ಟರು ಬಿಡಿಸಿ ಹೇಳಿದರು. ಸೀಮೆಎಣ್ಣೆ ಉರಿಯೋಕೆ ಗಾಳಿಯೊಳಗಿನ ಆಮ್ಲಜನಕ ಬೇಕು. ಮುಚ್ಚಿದ ಕೋಣೆಯಲ್ಲಿ ಅದು ಕಡಿಮೆಯಾಗುತ್ತಾ ಬಂದಂತೆ ಉರಿ ಸರಿಯಾಗಿ ಉರಿಯದೆ ಇಂಗಾಲದ ಮಾನಾಕ್ಸೈಡ್ ಅನ್ನುವ ವಿಷಗಾಳಿ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ಆಮೇಲೆ ಮಂಪರು. ಮಂಪರಿನಲ್ಲಿ ಎದ್ದು ಬಾಗಿಲು ತೆಗೆಯುವ ಬುದ್ಧಿಯೂ ಉಳಿಯುವುದಿಲ್ಲ. ಒಂದೇ ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆ ನೋವು ಬಂತು ಅಂದರೆ ದೃಷ್ಟಿ, ಗಾಳಿ ಅಂತ ಹುಡುಕದೆ ಹೊರಗೆ ಬರಬೇಕು.

ಹಾಗಾದರೆ ನಮ್ಮ ಅಜ್ಜಿಯರು ಕೆಂಡ ಇಟ್ಟುಕೊಂಡು ಬದುಕಲಿಲ್ಲವೇ ಅಂತ ನಾನೂ ಕೇಳಿದೆ. ಕೆಂಡದ ಗಾಳಿಯೂ ಅದೇ ವಿಷ, ಸ್ಟೌವಿಗಿಂತ ಕಡಿಮೆಯೇನಲ್ಲ. ಆದರೆ ನಮ್ಮ ಹಳೇ ಮಾಳಿಗೆ ಮನೆಗೆ ಮೇಲೆ ಗವಾಕ್ಷಿ ಇತ್ತು, ಬಾಗಿಲ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ ಇತ್ತು. ಮಗಳನ್ನು ಮಲಗಿಸಿದ್ದು ನಾನು ಹೊಸದಾಗಿ ಕಟ್ಟಿಸಿದ ಆರ್‌ಸಿಸಿ ಕೋಣೆ. ಒಂದೇ ಒಂದು ಸಂದಿ ಇಲ್ಲ ಅಂತ ಮೇಸ್ತ್ರಿ ಹೊಗಳಿಕೊಂಡಿದ್ದ. ಇದ್ದ ಕಿಟಕಿಗೆ ನಾನೇ ಗೋಣಿ ತುರುಕಿದ್ದೆ.

ಬಾಣಂತಿ ಕೋಣೆಗೆ ಸ್ಟೌವೂ ಬೇಡ, ಕೆಂಡವೂ ಬೇಡ. ಮಗುವಿಗೆ ಟೋಪಿ ಹಾಕಿ, ತಾಯಿ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟು, ಮೇಲೆ ಕಂಬಳಿ ಹೊದಿಸಿದರೆ ಸಾಕಷ್ಟು ಬೆಚ್ಚಗಾಗುತ್ತದೆ. ಬೇರೆ ಕೋಣೆಯಲ್ಲಿ ಹಚ್ಚಲೇಬೇಕು ಅನ್ನುವವರು ಬಾಗಿಲು ಒಂದಿಷ್ಟು ತೆರೆದು, ಎದುರಿನ ಕಿಟಕಿಯನ್ನೂ ತೆಗೆದಿಡಿ. ಮಲಗುವ ಮುಂಚೆ ಆರಿಸಿಯೇ ಮಲಗಿ. ಎಲ್ಲರೂ ನಿದ್ದೆ ಮಾಡುವಾಗ ಉರಿ ಇರಬಾರದು.

ಹಚ್ಚುವುದರಲ್ಲೂ ಕ್ರಮ ಇದೆ. ಎಣ್ಣೆ ತುಂಬುವುದು ಹೊರಗೆ, ಸ್ಟೌವ್ ಪೂರ್ತಿ ತಣ್ಣಗಾದ ಮೇಲೆ. ಅಡುಗೆ ಅರ್ಧಕ್ಕೆ ನಿಂತಿದೆ ಅಂತ ಉರಿಯುವ ಸ್ಟೌವಿಗೆ ಎಣ್ಣೆ ಸುರಿದು ಸೀರೆಗೆ ಬೆಂಕಿ ಹತ್ತಿಸಿಕೊಂಡವರನ್ನು ನಮ್ಮ ಊರಲ್ಲೇ ಕಂಡಿದ್ದೇನೆ. ಟ್ಯಾಂಕಿನ ಕಂಠದವರೆಗೆ ತುಂಬಬೇಡಿ. ಚೆಲ್ಲಿದ್ದನ್ನು ಒರೆಸಿ, ಆ ಬಟ್ಟೆಯನ್ನೂ ದೂರ ಹಾಕಿ. ಹೊಸ ಬತ್ತಿಯಾದರೆ ಎಣ್ಣೆ ಹಾಕಿ ಅರ್ಧ ತಾಸು ನೆನೆಯಲು ಬಿಡಬೇಕು. ಕರಿಕಾದ ತುದಿಯನ್ನು ಕತ್ತರಿಯಿಂದ ಎಲ್ಲ ಬತ್ತಿ ಒಂದೇ ಸಮ ಬರುವಂತೆ ಕತ್ತರಿಸಿ. ಸ್ಟೌವ್ ಸಮನೆಲದ ಮೇಲಿರಲಿ. ಬತ್ತಿ ಹೊತ್ತಿಸಿ ತೂತಿನ ಕೊಳವೆಗಳನ್ನು ಕೂರಿಸಿದ ಮೇಲೆ ಒಂದಿಷ್ಟು ಅತ್ತಿತ್ತ ತಿರುಗಿಸಿ ಸರಿಯಾಗಿ ಕೂತಿವೆಯೇ ನೋಡಿ. ಮೊದಲು ಹಳದಿ ಉರಿ ಇದ್ದು, ಕೊಳವೆ ಕಾದ ಮೇಲೆ ನೀಲಿಗೆ ತಿರುಗುತ್ತದೆ. ತಿರುಗದೇ ಹೋದರೆ ಬತ್ತಿ ಹೆಚ್ಚು ಏರಿದೆ, ಇಲ್ಲವೇ ಕೊಳವೆ ಓರೆಯಾಗಿದೆ, ಇಲ್ಲವೇ ತೂತಿಗೆ ಮಸಿ ಕಟ್ಟಿದೆ. ಆರಿಸಿ, ತಣ್ಣಗಾದ ಮೇಲೆ ಸರಿ ಮಾಡಿ. ಉರಿಯುವ ಸ್ಟೌವನ್ನು ಎತ್ತಿಕೊಂಡು ಓಡಾಡಬೇಡಿ.

ಸೀಮೆಎಣ್ಣೆ ಸಿಗಲಿಲ್ಲ ಅಂತ ಬೈಕಿನ ಪೆಟ್ರೋಲ್ ಬೆರೆಸುವವರಿದ್ದಾರೆ. ಸೀಮೆಎಣ್ಣೆ ಸುಮಾರು 38 ಡಿಗ್ರಿ ದಾಟಿದ ಮೇಲೆ ಬೆಂಕಿ ಹಿಡಿಯುವಷ್ಟು ಆವಿ ಬಿಟ್ಟರೆ, ಪೆಟ್ರೋಲ್ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಬಿಡುತ್ತದೆ. ಒಂದು ಲೋಟ ಬೆರೆತರೂ ಟ್ಯಾಂಕು ಸಿಡಿಯಬಹುದು. ಬೆಂಕಿ ನೆಲಕ್ಕೆ ಹರಿದರೆ ನೀರು ಎರಚಬೇಡಿ, ಎಣ್ಣೆ ನೀರಿನ ಮೇಲೆ ತೇಲಿಕೊಂಡು ಇನ್ನೂ ಹರಡುತ್ತದೆ. ಮರಳು, ಒಣ ಮಣ್ಣು ಸುರಿಯಿರಿ. ಮೈ ಸುಟ್ಟರೆ ಮಾತ್ರ ತಣ್ಣೀರೇ ಔಷಧಿ, 20 ನಿಮಿಷ ಬಿಡದೆ ಹುಯ್ಯಬೇಕು. ಪೇಸ್ಟು, ಇಂಕು ಹಚ್ಚಬಾರದು. ಸೀಮೆಎಣ್ಣೆಯನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ. ಮಗು ಕುಡಿದರೆ ವಾಂತಿ ಮಾಡಿಸಬಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಿ.

ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ, ರಜೆಗೆ ಬಂದರೆ ಅದೇ ಕೋಣೆಯಲ್ಲಿ ಮಲಗುತ್ತಾನೆ. ಆ ವರ್ಷವೇ ಮೇಸ್ತ್ರಿಯನ್ನು ಕರೆಸಿ ಗೋಡೆ ಒಡೆಸಿ, ಸೂರಿನ ಹತ್ತಿರ ಎರಡು ಕಡೆ ಸಿಮೆಂಟು ಜಾಲರಿ ಕೂರಿಸಿದೆ. ಚಳಿಗಾಲ ಬಂದರೆ ನಮ್ಮವ್ವ ಈಗಲೂ ಯಾರಿಂದಲಾದರೂ ಅದಕ್ಕೆ ಬಟ್ಟೆ ತುರುಕಿಸುತ್ತಾಳೆ. ನಾನು ಏಣಿ ಹಾಕಿ ಕಿತ್ತು ಹಾಕುತ್ತೇನೆ.