ಮದುವೆ ಕಾಗದ ಒತ್ತಿದ ಮೇಲೆ

ಕಾಫಿ ಕೊಯ್ಲು ಮುಗಿದರೆ ನಮ್ಮ ಕಡೆ ಮದುವೆಗಳ ಸಾಲು. ಮೂಡಿಗೆರೆಯಲ್ಲೊಂದು ನಿಖಾಹ್, ಕಳಸದಲ್ಲೊಂದು ಔತಣ. ಹಿಂದೆಲ್ಲ ಹಿರಿಯರಿಬ್ಬರು ಮನೆಗೆ ಬಂದು, ಚಾ ಕುಡಿದು, ಕಾಗದ ಕೊಟ್ಟು ಹೋಗುತ್ತಿದ್ದರು. ಈಗ ಅದು ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ. ಮೋಸಗಾರರೂ ಇದೇ ದಾರಿ ಹಿಡಿದಿದ್ದಾರೆ. ಮದುವೆ ಕಾಗದದ ಹೆಸರಲ್ಲಿ ಬರುವ ಎಪಿಕೆ ಫೈಲ್ ತೆರೆಯಬೇಡಿ ಎಂದು 2024ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದ ಸೈಬರ್ ಪೊಲೀಸರು ಎಚ್ಚರಿಸಿದ್ದರು. ವಾಹನದ ದಂಡ, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೆಸರಲ್ಲೂ ಇಂಥವು ಓಡಾಡುತ್ತಿವೆ.

ತೆರೆಯಬೇಡಿ ಅನ್ನುವುದು ಸುಲಭ. ಒತ್ತಿ ಆಗಿಹೋಗಿದ್ದರೆ?

ಮೊದಲು ಎಲ್ಲಿಯವರೆಗೆ ಹೋದಿರಿ ಎಂದು ನೆನಪಿಸಿಕೊಳ್ಳಿ. ಫೈಲ್ ಇಳಿದಿದೆ, ಇನ್‌ಸ್ಟಾಲ್ ಮಾಡಿಲ್ಲ ಅಂತಾದರೆ ಅಳಿಸಿಬಿಡಿ, ಸಾಕು. ಇನ್‌ಸ್ಟಾಲ್ ಆಗಿ, ಎಸ್‌ಎಂಎಸ್ ಓದಲು ಅನುಮತಿಯನ್ನೂ ಕೊಟ್ಟಿದ್ದರೆ ಮಾತು ಬೇರೆ. ನಿಮಗೆ ಬರುವ ಒಟಿಪಿ ಅವರಿಗೂ ಹೋಗುತ್ತದೆ.

ಕೂಡಲೇ ವೈಫೈ, ಡೇಟಾ ಎರಡನ್ನೂ ಆರಿಸಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮನೆಯವರ ಬೇರೆ ಫೋನಿನಿಂದ ಬ್ಯಾಂಕಿಗೆ ಕರೆಮಾಡಿ ಖಾತೆ, ಕಾರ್ಡು, ಯುಪಿಐ ನಿಲ್ಲಿಸಲು ಹೇಳಿ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಬದಿಯಲ್ಲೋ ನೋಡಿ, ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲೂ ನಕಲಿ ನಂಬರ್‌ಗಳಿವೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಡೆಯುವುದಕ್ಕೆಂದೇ ಈ ವ್ಯವಸ್ಥೆ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನ ವಿಳಾಸ ನೆನಪಿಟ್ಟುಕೊಳ್ಳಿ: cybercrime.gov.in. ಅಲ್ಲೋ, ಚಿಕ್ಕಮಗಳೂರಿನ ಸಿಇಎನ್ ಠಾಣೆಯಲ್ಲೋ ದೂರು ಕೊಡಿ. ಬಂದ ಸಂದೇಶದ ಫೋಟೋವನ್ನು ಇನ್ನೊಂದು ಫೋನಿನಲ್ಲಿ ತೆಗೆದಿಡಿ, ಅದೇ ಸಾಕ್ಷಿ.

ಉಮ್ಮನ ಹಳೇ ಕೀಪ್ಯಾಡ್ ಫೋನ್ ಈಗ ಉಪಯೋಗಕ್ಕೆ ಬರುತ್ತದೆ. ಸಿಮ್ ತೆಗೆದು ಅದಕ್ಕೆ ಹಾಕಿ, ##002# ಒತ್ತಿದರೆ ಕರೆಗಳು ಬೇರೆಡೆಗೆ ತಿರುಗುವಂತೆ ಮಾಡಿದ್ದರೆ ರದ್ದಾಗುತ್ತದೆ. ಕೆಟ್ಟ ಆ್ಯಪ್ ಅಳಿಸಿದರೆ ಸಾಲದು, ಕೆಲವು ಹೆಸರಿಲ್ಲದೆ ಅಡಗಿರುತ್ತವೆ. ಫೋಟೋಗಳನ್ನು ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದೇ ವಾಸಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ.

ಕಾಳುಮೆಣಸು, ಕಾಫಿ ವ್ಯಾಪಾರದವರಿಗೆ ಇಮೇಲ್‌ನಲ್ಲಿ ಬಿಲ್ ಎಂದು ಬರುವ ಫೈಲಿನ ಕಥೆಯೂ ಹೆಚ್ಚುಕಮ್ಮಿ ಇದೇ. ಕಂಪ್ಯೂಟರಿನ ನೆಟ್ ತಂತಿ ಕೀಳಿ. ಲೆಕ್ಕಪತ್ರದ ನಕಲಿರುವ ಪೆನ್‌ಡ್ರೈವನ್ನು ಮಾತ್ರ ಆಗ ಚುಚ್ಚಲೇಬೇಡಿ, ಅದೂ ಹಾಳಾದೀತು.

ನಾವು ಕಂಡಂತೆ ಹೆಚ್ಚು ಹೊತ್ತು ಹಾಳಾಗುವುದು ಫೋನಿನಿಂದಲ್ಲ, ನಾಚಿಕೆಯಿಂದ. ಗಲ್ಫ್‌ನಲ್ಲಿರುವ ಗಂಡ ಕಳಿಸಿದ ದುಡ್ಡು, ಗೊತ್ತಾದರೆ ಬೈತಾರೆ ಎಂದು ಹೆಣ್ಣುಮಕ್ಕಳು ರಾತ್ರಿಯಿಡೀ ಸುಮ್ಮನಿರುತ್ತಾರೆ. ಕಾಕನವರೂ ಕಡಿಮೆಯೇನಲ್ಲ, ಮಕ್ಕಳ ಮುಂದೆ ಸಣ್ಣವರಾಗುತ್ತೇವೆಂದು ಮುಚ್ಚಿಡುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ನೋಡಿ: ಗ್ರಾಹಕರ ಅಜಾಗರೂಕತೆಯಿಂದಲೇ ಹಣ ಹೋದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಮುಚ್ಚಿಟ್ಟ ಗಂಟೆಗಳ ನಷ್ಟ ನಮ್ಮದೇ.

ಇನ್ನೊಂದು ಕೆಲಸ ಬಾಕಿಯಿದೆ. ನಿಮ್ಮ ಹೆಸರಲ್ಲೇ ಅದೇ ಕಾಗದ ಬಂಧುಗಳಿಗೂ ಜಮಾಅತ್ ಗ್ರೂಪಿಗೂ ಹೋಗಿರಬಹುದು. ಅವರಿಗೆ ಮೆಸೇಜ್ ಬೇಡ, ಕರೆಮಾಡಿಯೇ ಹೇಳಿ. ನಮ್ಮ ಘಟ್ಟದಲ್ಲಿ ಸಿಗ್ನಲ್ ಸಿಗದಿದ್ದರೆ ಹುಡುಗರನ್ನು ಬೈಕಿನಲ್ಲಿ ಕಳಿಸಿ.